ಸರದಿಗಿಂತ ಮುಂಚೆ

ಗಡಿಯೂರು ಅಸಂಗಿಯ ಕಲ್ಮೇಶ ಹದಿನಾಲ್ಕು ವರ್ಷ ಶಾಲೆಯ ಮಕ್ಕಳ ವ್ಯಾನು ಓಡಿಸಿದ್ದ. ಸುತ್ತಲಿನ ವಸ್ತಿಗಳಿಂದ ಮಕ್ಕಳನ್ನು ಹತ್ತಿಸಿಕೊಂಡು ಜತ್ತದ ಶಾಲೆಗೆ ಬಿಟ್ಟು, ಸಂಜೆ ಒಬ್ಬೊಬ್ಬರನ್ನೇ ಅವರವರ ಮನೆಯ ಮುಂದೆ ಇಳಿಸಿ ಬರುವುದು ಅವನ ಕೆಲಸ. ನಲವತ್ತೆರಡನೆಯ ವಯಸ್ಸಿನಲ್ಲಿ, ಶ್ರಾವಣದ ಒಂದು ಭಾನುವಾರ, ಅಂಗಳದಲ್ಲಿ ವ್ಯಾನು ತೊಳೆಯುತ್ತಿದ್ದವನು ಕೈಯಲ್ಲಿ ಪೈಪು ಹಿಡಿದುಕೊಂಡೇ ಬಿದ್ದ. ಎರಡು ನಿಮಿಷದಲ್ಲಿ ಎದ್ದು ಕೂತು, “ಕಾಲ ಜಾರಿತು” ಎಂದ. ಹನ್ನೆರಡು ದಿನದ ಮೇಲೆ ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತಲೇ ಪಕ್ಕಕ್ಕೆ ವಾಲಿದ. ಆಗ ಕಾಲು ಜಾರಿತು ಎನ್ನಲು ಬರಲಿಲ್ಲ.

ಜತ್ತದ ಡಾಕ್ಟರು ಶಹರದ ದೊಡ್ಡ ಸರಕಾರಿ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಮೂರು ದಿನ ತಪಾಸಣೆ ನಡೆಯಿತು. ಕೊನೆಗೆ ಒಬ್ಬ ಹರೆಯದ ಡಾಕ್ಟರಬಾಯಿ ಕಲ್ಮೇಶನನ್ನೂ ಅವನ ಹೆಂಡತಿ ದಾಕ್ಷಾಯಣಿಯನ್ನೂ ಎದುರಿಗೆ ಕೂರಿಸಿಕೊಂಡು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದಳು. ಹೃದಯದ ಸ್ನಾಯು ಸೋತಿದೆ. ಬಡಿತ ಒಮ್ಮೊಮ್ಮೆ ಹಿಡಿತ ತಪ್ಪಿ ಓಡುತ್ತದೆ. ಹಾಗೆ ಓಡಿದಾಗ ಮನುಷ್ಯ ಬೀಳುತ್ತಾನೆ. ಒಂದು ಸಲ ಏಳದೆಯೂ ಹೋಗಬಹುದು. ಎದೆಯ ಚರ್ಮದ ಕೆಳಗೆ ಒಂದು ಸಣ್ಣ ಯಂತ್ರ ಕೂರಿಸಬೇಕು. ಬಡಿತ ಕೆಟ್ಟಾಗ ಅದು ಒಳಗಿನಿಂದಲೇ ಒಂದು ಹೊಡೆತ ಕೊಟ್ಟು ಸರಿಮಾಡುತ್ತದೆ. ಸರಕಾರದ ಖರ್ಚಿನಲ್ಲೇ ಕೂರಿಸುತ್ತಾರೆ, ಆದರೆ ಯಂತ್ರಗಳು ಬರುವುದು ಒಮ್ಮೆಗೆ ನಾಲ್ಕೋ ಐದೋ. ಕಾಯುವವರ ಯಾದಿ ದೊಡ್ಡದಿದೆ.

“ನಮ್ಮ ನಂಬರ ಎಷ್ಟ್ರಿ ಬಾಯಿ?” ದಾಕ್ಷಾಯಣಿ ಕೇಳಿದಳು.

ಅರವತ್ತೆರಡು ಎಂದಳು ಡಾಕ್ಟರಬಾಯಿ. ಅಲ್ಲಿಯವರೆಗೆ ದಿನಕ್ಕೆ ಮೂರು ಹೊತ್ತು ಗುಳಿಗೆ, ಒಂದೂ ತಪ್ಪಬಾರದು. ಉಪ್ಪು ಕಡಿಮೆ. ಗಾಡಿ ಓಡಿಸುವುದು ಪೂರ್ತಿ ಬಂದ್. ಬಾವಿ, ಏಣಿ, ಒಲೆ, ಗಿರಣಿಯ ಬೆಲ್ಟು, ಇವುಗಳ ಹತ್ತಿರ ಸುಳಿಯಬಾರದು. ಒಬ್ಬನೇ ಇರಬಾರದು.

ಮನೆಗೆ ಬಂದ ದಿನದಿಂದ ಅವನು ಒಬ್ಬನೇ ಇರಲಿಲ್ಲ. ತಾಯಿ ಸಿದ್ದವ್ವ ಸಂಡಾಸದ ಬಾಗಿಲಿನ ತನಕವೂ ಹಿಂದೆ ಹೋಗಿ ಹೊರಗೆ ನಿಂತುಕೊಂಡು, “ಕಲ್ಮೇಶಾ, ಇದ್ದೀ?” ಎಂದು ಕೂಗುತ್ತಿದ್ದಳು.

“ಇದ್ದೀನಿ.”

“ಮಾತಾಡ್ಕೋತ ಇರು.”

“ಇಲ್ಲೆ ಕುಂತು ಏನ ಮಾತಾಡ್ಲಿ ಅವ್ವ?”

“ಏನರ ಮಾತಾಡು. ನನಗ ಕೇಳಸಬೇಕು.”

ವ್ಯಾನು ಓಡಿಸಲು ಅನಿಲ ಎಂಬ ಹುಡುಗನನ್ನು ಗೊತ್ತುಮಾಡಿದರು. ಅವನಿಗೆ ಕೊಟ್ಟು, ಡೀಸೆಲಿಗೆ ಹಾಕಿ ಉಳಿಯುವುದು ಕಾಯಿಪಲ್ಯಕ್ಕೂ ಸಾಲುತ್ತಿರಲಿಲ್ಲ. ಕಲ್ಮೇಶನ ತಂದೆ ಅಣ್ಣಾರಾಯನದು ಊರೊಳಗೆ ಒಂದು ಹಿಟ್ಟಿನ ಗಿರಣಿ ಇತ್ತು. ಅರವತ್ತೆಂಟರ ಮುದುಕ ದಿನವಿಡೀ ಜೋಳ ಬೀಸಿದರೂ ಈಗ ಮನೆಮನೆಯಲ್ಲಿ ಸಣ್ಣ ಗಿರಣಿಗಳು ಬಂದು ಗಿರಾಕಿ ಕಡಿಮೆಯಾಗಿದ್ದರು. ಹೀಗಾಗಿ ದಾಕ್ಷಾಯಣಿ ಒಣದ್ರಾಕ್ಷಿ ಆರಿಸುವ ಶೆಡ್ಡಿಗೆ ಕೂಲಿಗೆ ಹೊರಟು ನಿಂತಳು. ಅವಳು ಈ ಮನೆಗೆ ಬಂದಮೇಲೆ ಕೂಲಿಗೆ ಹೋದವಳಲ್ಲ.

“ಮಂದಿ ಏನಂತಾರ?” ಸಿದ್ದವ್ವ ಕೇಳಿದಳು.

“ಮಂದಿ ಹಿಟ್ಟ ತಂದ ಕೊಡತಾರೇನ್ರಿ ಅತ್ತಿ?”

“ನೀ ಹೋದ್ರ ಇವನ್ನ ನೋಡಾವರ ಯಾರು? ನಾ ರೊಟ್ಟಿ ಬಡೀಲೋ, ಇವನ ಮಾರಿ ನೋಡ್ಕೋತ ಕುಂದರಲೋ?”

“ನಿಮ್ಮ ನಡುವ ಕುಂತು ಎಲ್ಲಾ ಕೇಳಾಕತ್ತೀನಿ ನಾ,” ಕಲ್ಮೇಶ ಹೇಳಿದ. “ಸಣ್ಣ ಕೂಸಲ್ಲ. ಹೋಗು ದಾಕ್ಷಾಯಣಿ. ನಾ ಗಿರಣ್ಯಾಗ ಅಪ್ಪನ ಜೋಡಿ ಕುಂದರತೀನಿ, ಬೆಲ್ಟಿನಿಂದ ದೂರ.”

ಅಂದಿನಿಂದ ಮುಂಜಾನೆ ಅವನು ಗಿರಣಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ, ಮಧ್ಯಾಹ್ನ ಮನೆಯಲ್ಲಿ. ಹತ್ತನೆಯ ಇಯತ್ತೆ ಓದುತ್ತಿದ್ದ ಮಗಳು ಸ್ನೇಹಲಳ ಪಾಲಿಗೆ ಗುಳಿಗೆಯ ಡಬ್ಬಿ ಬಂತು. ಶಾಲೆಗೆ ಹೋಗುವ ಮುಂಚೆ ಒಂದು ಹೊತ್ತಿನದು ಕೊಟ್ಟು, ಮಧ್ಯಾಹ್ನದ್ದು ಕಾಗದದಲ್ಲಿ ಕಟ್ಟಿ ಅಪ್ಪನ ಕಿಸೆಗೆ ಹಾಕಿ, ರಾತ್ರಿಯದನ್ನು ಊಟವಾದ ಮೇಲೆ ನೀರಿನ ಜೊತೆ ಕೈಗೆ ಕೊಡುವಳು. ಸಿದ್ದವ್ವ ಎಲ್ಲರ ಪಲ್ಯಕ್ಕೂ ಉಪ್ಪು ಬಿಟ್ಟಳು.

“ನನಗೇನ ಆಗೇತಿ? ನನ್ನ ತಾಟಿನಾಗರ ಒಂದ ಚಿಟಿಗಿ ಹಾಕು,” ಅಣ್ಣಾರಾಯ ಗೊಣಗಿದ.

“ಅಂವ ಸಪ್ಪಗ ಉಣ್ಣೂವಾಗ ನಿಮಗ ಉಪ್ಪ ಹೆಂಗ ಇಳೀತೈತ್ರಿ ಗಂಟಲದಾಗ?”

ಆಮೇಲೆ ಅವನು ಕೇಳಲಿಲ್ಲ.

ಆರು ವಾರವಾದ ಮೇಲೆ ಗಂಡ ಹೆಂಡತಿ ಶಹರಕ್ಕೆ ಹೋದರು. ಮುಂಜಾನೆ ಐದಕ್ಕೆ ಎದ್ದು ಎರಡು ಬಸ್ಸು ಬದಲಿಸಿ ಮುಟ್ಟುವಷ್ಟರಲ್ಲಿ ದವಾಖಾನೆಯ ಚೀಟಿ ಖಿಡಕಿಯ ಮುಂದಿನ ಸಾಲು ಕಾಂಪೌಂಡಿನ ಗೇಟಿಗೆ ಬಂದಿತ್ತು. ಅವರ ಮುಂದೆ ನಿಂತಿದ್ದವರು ಬೆಳುಂಕಿಯ ಹರಿಬಾ ಮತ್ತು ಅವನ ಹೆಂಡತಿ ಬಾಳಾಬಾಯಿ. ಹರಿಬಾ ಗೌಂಡಿಗಳ ಕೈಕೆಳಗೆ ಇಟ್ಟಂಗಿ ಹೊರುವ ಕೂಲಿ, ಐವತ್ತರ ಮೇಲಿನವನು. ಅವನಿಗೂ ಅದೇ ಯಂತ್ರ ಬೇಕಿತ್ತು. ನಮ್ಮ ಕಡೆಯವರೇ ಎಂದು ಗೊತ್ತಾದದ್ದೇ ಬಾಳಾಬಾಯಿ ಮರಾಠಿ ಬಿಟ್ಟು ಕನ್ನಡಕ್ಕೆ ಬಂದಳು. ತನ್ನ ಸೆರಗಿನ ತುದಿ ನೆಲದ ಮೇಲೆ ಹಾಸಿ ದಾಕ್ಷಾಯಣಿಗೆ ಕೂರಲು ಜಾಗ ಮಾಡಿದಳು. ಬುತ್ತಿ ಬಿಚ್ಚಿ ನಾಲ್ವರೂ ಅಲ್ಲೇ ರೊಟ್ಟಿ ತಿಂದರು.

“ನಾವು ವಾರಾ ವಾರಾ ಬರ್ತೀವ್ರಿ,” ಎಂದಳು ಬಾಳಾಬಾಯಿ. “ಮಾರಿ ತೋರಸ್ಕೋತ ಇದ್ರ ಮರಿಯೂದಿಲ್ಲ ಅಂತ.”

ಹರಿಬಾನ ನಂಬರು ಐವತ್ತೊಂಬತ್ತರಿಂದ ಐವತ್ತನಾಲ್ಕಕ್ಕೆ ಇಳಿದಿತ್ತು. ಕಲ್ಮೇಶನದು ಐವತ್ತೇಳು.

“ಆರ ವಾರದಾಗ ಐದ ನಂಬರ ಅಷ್ಟೇನ್ರಿ?” ದಾಕ್ಷಾಯಣಿ ಖಿಡಕಿಯೊಳಗಿನ ನರ್ಸಬಾಯಿಯನ್ನು ಕೇಳಿದಳು.

ನರ್ಸಬಾಯಿ ಕೆಟ್ಟವಳಲ್ಲ, ದಣಿದಿದ್ದಳು. ಬಂದ ಯಂತ್ರಗಳಲ್ಲಿ ಅರ್ಧ ಯಾದಿಯವರಿಗೆ ಸಿಗುವುದೇ ಇಲ್ಲ ಎಂದಳು. ಬಿದ್ದು ಅಂಬುಲೆನ್ಸಿನಲ್ಲಿ ಬಂದವರನ್ನು ಯಂತ್ರ ಕೂರಿಸದೆ ಮನೆಗೆ ಕಳಿಸಲಿಕ್ಕೆ ಬರುವುದಿಲ್ಲ, ಅವರಿಗೆ ಮೊದಲು. ನಡೆದುಕೊಂಡು ಬಂದವರು ಕಾಯಬೇಕು.

ನರ್ಸಬಾಯಿ ಈ ಮಾತು ಹೇಳುವಷ್ಟರಲ್ಲಿ ಹರಿಬಾ ಗೇಟು ದಾಟಿದ್ದ. ಕಲ್ಮೇಶ ಕೇಳಿದ.

ಮರುದಿನ ಮಧ್ಯಾಹ್ನ ಊಟಕ್ಕೆ ಎಲ್ಲರೂ ಇದ್ದರು. ಶೆಡ್ಡಿಗೆ ರಜೆ. ದಾಕ್ಷಾಯಣಿ ನರ್ಸಬಾಯಿಯ ಮಾತನ್ನು ಹೇಳಿದಳು.

“ಅಂದ್ರ, ಬಿದ್ದವರಿಗೆ ಮೊದಲ,” ಸಿದ್ದವ್ವ ಎಂದಳು.

“ಹೌದ್ರಿ.”

“ಇಂವ ಎರಡ ಸಲ ಬಿದ್ದಾನಲ್ಲ?”

“ಅದು ಹಳೇದ ಆತಂತ. ಈಗ ಬೀಳಬೇಕು.”

ಅಣ್ಣಾರಾಯ ಮಜ್ಜಿಗೆ ಕುಡಿದು ಬಟ್ಟಲು ಕೆಳಗಿಟ್ಟ.

“ಖಾಸಗಿ ದವಾಖಾನಿಗೆ ಹೋಗೂಣು. ಗಿರಣಿ ಜಾಗಾ ಮಾರತೀನಿ. ವ್ಯಾನೂ ಮಾರೂಣು.”

“ಎರಡೂ ಮಾರಿದ್ರೂ ಅರ್ಧಾ ಆಗೂದಿಲ್ಲ. ಕೇಳ್ಕೊಂಡ ಬಂದೀನಿ,” ಕಲ್ಮೇಶ ಹೇಳಿದ. “ಮತ್ತ ವ್ಯಾನ ಮಾರಿ ಯಂತ್ರ ಹಾಕ್ಕೊಂಡು ನಾ ಏನ ಮಾಡಲಿ? ಇಕಿ ದುಡದ ಹಾಕೂದು ತಿನ್ಕೋತ ಕುಂದ್ರಲಿ?”

“ಜೀವಾ ಉಳದ್ರ ಸಾಕು.”

“ಯಾರಿಗೆ ಸಾಕು? ಅಪ್ಪಾ, ನಾ ಸಂಡಾಸಕ್ಕ ಹೋದ್ರೂ ಅವ್ವ ಬಾಗಲಾ ಕಾಯತಾಳ. ಅಂಗಳದಾಗ ನಿಂತ್ರ ಮೂರು ಮಂದಿ ಹೊರಗ ಬಂದ ನೋಡ್ತಾರ. ಇದು ಇನ್ನೊಂದ ವರ್ಷಾ?”

“ದನಿ ಎತ್ತಬ್ಯಾಡ್ರಿ, ಎದಿಗೆ ಚಲೋ ಅಲ್ಲ,” ಎಂದಳು ದಾಕ್ಷಾಯಣಿ.

ಅವನು ತಾಟು ಸರಿಸಿ ಎದ್ದ. ಅವನ ಹಿಂದೆಯೇ ಸಿದ್ದವ್ವ ಎದ್ದಳು.

ದಸರೆಯ ರಜೆಯಲ್ಲಿ ಒಂದು ಮುಂಜಾನೆ ಸ್ನೇಹಲ ಗಿರಣಿಯ ಕಸ ಹೊಡೆಯಲು ಹೋದಳು. ಅಣ್ಣಾರಾಯ ಚಹಾಕ್ಕೆ ಎದ್ದು ಹೋಗಿದ್ದ. ಅಪ್ಪನ ಕುರ್ಚಿಯ ಹಿಂದೆ, ಗೋಡೆಯ ಕಲ್ಲುಗಳ ಸಂದಿಯಲ್ಲಿ ಪೊರಕೆಯ ತುದಿಗೆ ಏನೋ ತಗುಲಿ ಉದುರಿತು. ಬಿಳಿಯವು, ದುಂಡನೆಯವು. ಹಿಟ್ಟಿನ ಧೂಳು ಊದಿ ಎಣಿಸಿದಳು. ಹತ್ತೊಂಬತ್ತು ಗುಳಿಗೆ. ಅವಳು ತಾನೇ ಕಾಗದದಲ್ಲಿ ಕಟ್ಟಿ ಕೊಟ್ಟವು, ಕೈಗೆ ಕೊಟ್ಟವು, ಎಲ್ಲ.

“ಪಪ್ಪಾ, ಇವು ಇಲ್ಲಿ ಹೆಂಗ ಬಂದು?”

ಕಲ್ಮೇಶ ಹೊರಗೆ ನೋಡಿದ. ಯಾರೂ ಇರಲಿಲ್ಲ.

“ನೀ ಶಾಣ್ಯಾಕಿ ಇದ್ದಿ, ಲೆಕ್ಕಾ ಹಾಕು. ಆರು ವಾರಕ್ಕ ಐದು. ಐವತ್ತೇಳಕ್ಕ ಎಷ್ಟು?”

ಅವಳು ಲೆಕ್ಕ ಹಾಕಲಿಲ್ಲ. “ದವಾಖಾನಿ ಮುಟ್ಟೂದರಾಗ ಏನರ ಆದ್ರ?”

“ಹತ್ತಕ್ಕ ಅನಿಲ ಮಕ್ಕಳನ್ನ ಬಿಟ್ಟು ತಿರಗಿ ಬಂದಿರ್ತಾನ. ಸಾಲಿ ಬಿಡೂತನಕ ಗಾಡಿ ಇಲ್ಲೇ ಇರತೈತಿ. ಎಲ್ಲಾ ವಿಚಾರ ಮಾಡೀನಿ.”

“ಹತ್ತಕ್ಕ ಬೀಳಬೇಕು ಅಂತ ಎದಿಗೆ ಹೇಳತೀರೇನು?”

“ನಿಮ್ಮವ್ವಗ ಹೇಳಬ್ಯಾಡ,” ಎಂದ. “ಆಕಿ ಕೈ ನೋಡಿದಿ? ಉಗುರ ಸಂದ್ಯಾಗೆಲ್ಲಾ ಸೀಳ್ಯಾವು. ನನ್ನ ಸಲುವಾಗಿ ಇಷ್ಟ ಮಾಡು.”

ಸ್ನೇಹಲ ಅವ್ವನಿಗೆ ಹೇಳಲಿಲ್ಲ. ಎರಡು ಹೊತ್ತು ಊಟ ಬಿಟ್ಟಳು, ಹೊಟ್ಟೆ ನೋವು ಎಂದಳು. ಮೂರನೆಯ ಹೊತ್ತಿಗೆ ಮುತ್ಯಾನ ಹತ್ತಿರ ಹೋಗಿ ಗುಳಿಗೆಗಳನ್ನು ಅವನ ಅಂಗೈಯಲ್ಲಿ ಸುರಿದಳು. ಅಣ್ಣಾರಾಯ ಅವನ್ನು ಕಿಸೆಗೆ ಹಾಕಿಕೊಂಡ.

“ನೀ ಸುಮ್ಮನಿರು ಅವ್ವಿ. ನಿಮ್ಮವ್ವಗ ನಾ ಹೇಳತೀನಿ.”

ಹೇಳಲಿಲ್ಲ. ಆ ದಿನ ಸೊಸೆ ಶೆಡ್ಡಿನಿಂದ ಬಂದು ರೊಟ್ಟಿ ಬಡಿದು ತಾಟಿಗೆ ಹಾಕಿದಳು, ಅವನು ಉಂಡ, ಹೇಳಲಿಲ್ಲ. ಮಗನಿಗೂ ಒಂದು ಮಾತು ಕೇಳಲಿಲ್ಲ. ಗಿರಣಿಯಲ್ಲಿ ಗಿರಾಕಿಗಳ ಜೊತೆ ಮಾತಾಡುತ್ತಿದ್ದರೂ ಕಣ್ಣು ಮೂಲೆಯ ಕುರ್ಚಿಯ ಮೇಲೆ ಇರುತ್ತಿತ್ತು. ಅನಿಲನಿಗೆ ಮಾತ್ರ, ಗಾಡಿಯನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸು, ಚಾವಿ ನನ್ನ ಹತ್ತಿರ ಕೊಟ್ಟು ಹೋಗು ಎಂದ. ಹೀಗೆ ಐದು ದಿನ ಕಳೆದವು. ಶಾಲೆಗಳು ಮತ್ತೆ ಶುರುವಾದವು.

ಆರನೆಯ ದಿನ ಗುರುವಾರ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕಲ್ಮೇಶ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತಾಯಿಗೆ ಶೇಂಗಾ ಸುಲಿದು ಕೊಡುತ್ತಿದ್ದ. ಸಿದ್ದವ್ವ ತಿರುಗಿ ನೋಡುವಷ್ಟರಲ್ಲಿ ಅವನ ಹಣೆಯಿಂದ ಬೆವರು ಸುರಿಯುತ್ತಿತ್ತು, ತುಟಿ ಬೆಳ್ಳಗಾಗಿತ್ತು.

“ಅವ್ವ, ಗಾಡಿ,” ಎಂದ. ಹಿಡಿದ ಶೇಂಗಾ ಕೈಯಿಂದ ಜಾರಿದವು.

ಅನಿಲ ಮೂರು ಮನೆ ಆಚೆ ಇದ್ದ. ಅಣ್ಣಾರಾಯ ಗಿರಣಿಯನ್ನು ತಿರುಗುವ ಹಾಗೆಯೇ ಬಿಟ್ಟು ಓಡಿಬಂದ. ಮಕ್ಕಳು ಕೂರುವ ಸೀಟಿನ ಮೇಲೆ ಮಲಗಿಸಿದರು. ಉದ್ದ ಸಾಲದೆ ಕಾಲು ಹೊರಚಾಚಿದವು, ಅವನ್ನು ಮಡಿಸಿ ಬಾಗಿಲು ಹಾಕಿದರು. ದಾರಿಯುದ್ದಕ್ಕೂ ಅವನಿಗೆ ಎಚ್ಚರ ಬರುತ್ತಿತ್ತು, ಹೋಗುತ್ತಿತ್ತು. ಅಣ್ಣಾರಾಯ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಇನ್ನ ಎರಡ ಊರು, ಇನ್ನೊಂದ ಊರು” ಎನ್ನುತ್ತಿದ್ದ. ರಸ್ತೆಯ ಕೆಲಸ ನಡೆದಿತ್ತು. ಒಂದು ಕಡೆ ರೋಲರ್ ಸರಿಯುವ ತನಕ ನಿಲ್ಲಬೇಕಾಯಿತು. ಅಲ್ಲಿ ಅಣ್ಣಾರಾಯ ಇಳಿದು ರೋಲರಿನವನಿಗೆ ಕೈಮುಗಿದ.

ಜತ್ತದಲ್ಲಿ ಎದೆಗೆ ಕರೆಂಟು ಕೊಟ್ಟರು. ಮೊದಲನೆಯದು ಹಿಡಿಯಲಿಲ್ಲ. ಎರಡನೆಯದಕ್ಕೆ ಬಡಿತ ಸರಿಯಾಯಿತು. ಅಂಬುಲೆನ್ಸಿನಲ್ಲಿ ಶಹರಕ್ಕೆ ಕಳಿಸಿದರು. ದಾಕ್ಷಾಯಣಿ ಶೆಡ್ಡಿನಿಂದ ಹಾಗೆಯೇ ಬಸ್ಸು ಹತ್ತಿ ಸಂಜೆಗೆ ಬಂದು ಮುಟ್ಟಿದಳು.

“ಗುಳಗಿ ತಪ್ಪಿಸಿದ್ರೇನು?” ಡಾಕ್ಟರಬಾಯಿ ಕೇಳಿದಳು.

“ಇಲ್ರಿ. ಒಂದೂ ತಪ್ಪಿಲ್ಲ. ನನ್ನ ಮಗಳ ತನ್ನ ಕೈಯಾರೆ ಕೊಡತಾಳ.”

ಪಕ್ಕದಲ್ಲಿದ್ದ ಅಣ್ಣಾರಾಯ ನೆಲ ನೋಡಿದ.

ಹತ್ತನೆಯ ದಿನ ಯಂತ್ರ ಕೂರಿಸಿದರು. ಎಡಗಡೆ ಭುಜದ ಕೆಳಗೆ, ಚರ್ಮದಡಿ ಬೆಂಕಿಪೆಟ್ಟಿಗೆಯಷ್ಟು ಉಬ್ಬು. ಮನೆಗೆ ಕಳಿಸುವಾಗ ಡಾಕ್ಟರಬಾಯಿ ಇನ್ನೊಂದು ಮಾತು ಹೇಳಿದಳು. ಯಂತ್ರ ಹೊಡೆತ ಕೊಟ್ಟಾಗ ಕೈ ಕಂಪಿಸಬಹುದು, ಕಣ್ಣಿಗೆ ಕತ್ತಲೆ ಬರಬಹುದು. ಆದ್ದರಿಂದ ಮಂದಿಯನ್ನು ಕೂರಿಸಿಕೊಂಡು ಗಾಡಿ ಓಡಿಸುವುದು ಇನ್ನು ಇಲ್ಲ. ಕಲ್ಮೇಶ, “ಎಷ್ಟ ತಿಂಗಳು?” ಎಂದು ಕೇಳಿದ. ಯಾವಾಗಲೂ ಎಂದಳು.

ಮನೆಯಲ್ಲಿ ಅವನನ್ನು ಹಾಸಿಗೆಯ ಮೇಲೆ ಮಲಗಿಸಿ ಬಂದ ದಾಕ್ಷಾಯಣಿ, ಗುಳಿಗೆಯ ಡಬ್ಬಿಯನ್ನು ಮಗಳ ಮುಂದೆ ಇಟ್ಟಳು.

“ಎಲ್ಲೆ ತಪ್ಪಿದಿ ಹೇಳು. ಎಷ್ಟ ದಿನ ಮರತಿ?”

“ನಾ ಮರತಿಲ್ಲ.”

“ಮತ್ತ ಹೆಂಗ ಬಿದ್ರು? ಅದೊಂದ ಕೆಲಸ ಕೊಟ್ಟಿದ್ದೆ ನಿನಗ, ಅದೊಂದ.”

“ಮುತ್ಯಾನ್ನ ಕೇಳು,” ಎಂದಳು ಸ್ನೇಹಲ. “ಮುತ್ಯಾನ ಕೈಯಾಗ ಕೊಟ್ಟೀನಿ. ಹತ್ತೊಂಬತ್ತು. ಅವ್ವಗ ಹೇಳತೀನಿ ಅಂದಿದ್ದ.”

ಅಣ್ಣಾರಾಯ ಉಣ್ಣುತ್ತಿದ್ದ. ಕೈ ನಿಂತಿತು. ಎಲ್ಲವನ್ನೂ ಹೇಳಿದ, ಏನೂ ಬಿಡಲಿಲ್ಲ.

“ಐದು ದಿನಾ ಮಾವಾರ,” ದಾಕ್ಷಾಯಣಿ ಹೇಳಿದಳು. “ಐದು ದಿನಾ ನಾ ಬಡದ ರೊಟ್ಟಿ ಉಂಡ್ರಿ ನನ್ನ ಎದರ ಕುಂತು.”

“ಸಾಯಲಿ ಅಂತ ಅಲ್ಲವ್ವ. ಬಿದ್ರ ಒಯ್ಯೂಣು, ಒಯ್ದ್ರ ಹಾಕತಾರ ಅಂತ. ವರ್ಷಗಟ್ಟಲೆ ಕಾದು ಒಂದಿನ ಹಾಸಿಗ್ಯಾಗ ಹೋಗೂದಕ್ಕಿಂತ…”

“ಆ ರೋಲರ ಇನ್ನ ಹತ್ತ ನಿಮಿಷ ಸರೀದಿದ್ರ?”

ಸಿದ್ದವ್ವ ಒಲೆಯ ಮುಂದಿನಿಂದ ತಿರುಗಲಿಲ್ಲ.

“ಅವರೊಬ್ಬರನ್ನ ಬೈಬ್ಯಾಡ,” ಎಂದಳು. “ಗುಡ್ಡಾಪುರಕ್ಕ ಹೋದಾಗ ದಾನಮ್ಮ ದೇವಿ ಮುಂದ ನಾ ಬೇಡಿಕೊಂಡಿದ್ದೂ ಅದನ. ಇನ್ನೊಮ್ಮಿ ಬೀಳಲಿ, ನಾ ಇದ್ದಾಗ ಬೀಳಲಿ ಅಂತ. ಹೆತ್ತ ಬಾಯಿಲೇ ಬೇಡೀನಿ.”

ದಾಕ್ಷಾಯಣಿ ಡಬ್ಬಿಯನ್ನು ತೆಗೆದುಕೊಂಡಳು. ಅಂದಿನಿಂದ ಗುಳಿಗೆಗಳನ್ನು ತಾನೇ ಗಂಡನ ಬಾಯಿಗೆ ಹಾಕಿ, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು. ಅವನು ಸಣ್ಣ ಮಗುವಿನಂತೆ ತೆರೆಯುತ್ತಿದ್ದ. ದೀಪಾವಳಿಗೆ ಮುಂಚೆ ವ್ಯಾನನ್ನು ಅನಿಲನೇ ಕೊಂಡ.

ದೀಪಾವಳಿಯಾದ ಮೇಲೆ ಕಲ್ಮೇಶ ಬೆಳುಂಕಿಗೆ ಹೋಗಬೇಕು ಎಂದ. ಬಾಳಾಬಾಯಿ ಎರಡು ಸಲ ಫೋನು ಮಾಡಿ ಅವನ ಆರೋಗ್ಯ ಕೇಳಿದ್ದಳು. ದಾಕ್ಷಾಯಣಿ ಶೇಂಗಾದ ಉಂಡೆ ಕಟ್ಟಿ ಡಬ್ಬಿಯಲ್ಲಿ ಹಾಕಿಕೊಂಡಳು. ಇಬ್ಬರೂ ಬಸ್ಸಿನಲ್ಲಿ ಹೋದರು.

ಹರಿಬಾ ಹೊರಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಎರಡು ತಿಂಗಳಲ್ಲಿ ಅವನ ಕುತ್ತಿಗೆಯ ನರಗಳು ಎದ್ದು ಕಾಣುತ್ತಿದ್ದವು, ಪಾದ ಊದಿಕೊಂಡಿದ್ದವು. ಅವನ ಮಗ್ಗುಲಲ್ಲಿ ನೀರಿನ ತಂಬಿಗೆ, ತಂಬಿಗೆಯ ಪಕ್ಕಕ್ಕೆ ಗುಳಿಗೆಯ ಪಾಕೀಟುಗಳು.

“ಬರ್ರಿ ಬರ್ರಿ, ಕುಂದ್ರಿ,” ಎಂದ. “ನಿಮ್ದ ಆತಂತ ಕೇಳಿ ಭಾಳ ಚಲೋ ಅನಸ್ತು ನೋಡ್ರಿ.”

ಬಾಳಾಬಾಯಿ ಚಹಾ ಮಾಡಿ ತಂದಳು. ಉಂಡೆಯ ಡಬ್ಬಿಯನ್ನು ಹಣೆಗೆ ಮುಟ್ಟಿಸಿ ಗೂಡಿನಲ್ಲಿ ಇಟ್ಟಳು. ಕಲ್ಮೇಶನ ಭುಜದ ಉಬ್ಬನ್ನು ಅಂಗಿಯ ಮೇಲಿನಿಂದಲೇ ನೋಡಿದಳು. ನೋವು ಇದೆಯೇ, ರಾತ್ರಿ ನಿದ್ದೆ ಬರುತ್ತದೆಯೇ, ಅದರ ಸಪ್ಪಳ ಕೇಳಿಸುತ್ತದೆಯೇ ಎಂದೆಲ್ಲ ವಿಚಾರಿಸಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಅವರ ಎದುರಿಗೆ ಕೂತಳು.

“ನಮ್ಮವರ ನಂಬರ ಐವತ್ಮೂರಕ್ಕ ನಿಂತೈತ್ರಿ. ಒಂದ ನಂಬರ ಸರದದ್ದು ಎರಡ ತಿಂಗಳದಾಗ. ನೀವು ನಮ್ಮ ಹಿಂದ ಇದ್ರಿ. ನಾ ಸಿಟ್ಟಿಲೆ ಕೇಳಾಕತ್ತಿಲ್ರಿ ಅಕ್ಕಾರ, ದಾನಮ್ಮನ ಆಣಿ. ನಿಮ್ದ ಹೆಂಗ ಲಗೂನ ಆತು ಅಷ್ಟ ಹೇಳ್ರಿ. ನೀವ ಮಾಡಿದ್ದು ನಾವೂ ಮಾಡ್ತೀವಿ.”

“ಏನ ಮಾಡಾಕೂ ತಯಾರ ಅದೀನ್ರಿ,” ಎಂದ ಹರಿಬಾ. ಕಲ್ಮೇಶನ ಬಾಯಿಯನ್ನೇ ನೋಡುತ್ತಿದ್ದ.

ದಾಕ್ಷಾಯಣಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. “ಅದು ಏನಾತಂದ್ರ, ಇವರು ಗುಳ…” ಎಂದು ಶುರುಮಾಡಿದಳು.

“ವಶೀಲಿ ಹಚ್ಚಿದ್ವಿ,” ಕಲ್ಮೇಶ ನಡುವೆ ಬಾಯಿ ಹಾಕಿದ.

ದಾಕ್ಷಾಯಣಿ ಅವನ ಕಡೆ ತಿರುಗಿದಳು. ಅವನು ತಿರುಗಲಿಲ್ಲ. ಹರಿಬಾನ ಪಕ್ಕದ ಗುಳಿಗೆಗಳ ಮೇಲೆ ಕಣ್ಣಿಟ್ಟಿದ್ದ.

“ನಮ್ಮ ಪೈಕಿ ಒಬ್ಬ ಸಾಹೇಬರು ಅದಾರ. ಮುಂಬೈದಾಗ. ಅವರು ಫೋನ ಮಾಡಿದ್ರು. ಯಾದ್ಯಾಗ ಮ್ಯಾಲ ಹಾಕಿದ್ರು.”

“ಸಾಹೇಬರು,” ಎಂದಳು ಬಾಳಾಬಾಯಿ.

“ಹೌದು.”

ಹರಿಬಾ ನಿಧಾನವಾಗಿ ಗೋಡೆಗೆ ತಲೆ ಆನಿಸಿದ. “ನಾ ಅಂದಿದ್ದಿಲ್ಲ ನಿನಗ?” ಎಂದು ಹೆಂಡತಿಗೆ ಹೇಳಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. “ದೊಡ್ಡ ಮಂದಿ ಅದಾರ ಅವರ ಹಿಂದ ಅಂದಿದ್ದೆ. ನಮಗ ಅಂಥಾವ್ರು ಯಾರದಾರ?”

“ಹರಿಬಾ ಅಣ್ಣಾ, ಗುಳಗಿ ತಪ್ಪಸಬ್ಯಾಡ್ರಿ,” ಕಲ್ಮೇಶ ಹೇಳಿದ. “ಒಂದೂ ತಪ್ಪಸಬ್ಯಾಡ್ರಿ. ಕೈ ಮುಗೀತೀನಿ.”

“ಗುಳಗಿ ಎಲ್ಲಿ ಬಿಡತಾರ್ರಿ,” ಎಂದಳು ಬಾಳಾಬಾಯಿ. “ನಮ್ಮಂಥಾವ್ರಿಗೆ ಅದೊಂದ ಐತಿ.”

ಅವಳು ಎದ್ದು ಅರ್ಧ ಕುಡಿದಿದ್ದ ಚಹಾದ ಕಪ್ಪುಗಳನ್ನು ಎತ್ತಿಕೊಂಡಳು. ಗೂಡಿನಿಂದ ಉಂಡೆಯ ಡಬ್ಬಿ ತೆಗೆದು, ಮುಚ್ಚಳ ಕೂಡ ಬಿಚ್ಚದೆ, ದಾಕ್ಷಾಯಣಿಯ ಚೀಲದ ಒಳಗೆ ಇಟ್ಟಳು.

“ಬಸ್ ಬರೂ ಹೊತ್ತಾತು. ಹೋಗ್ರಿ.”

ಹೋಗಿ ಬರ್ರಿ ಎನ್ನಲಿಲ್ಲ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. ಹಿಂದೆ ಬಾಗಿಲು ಹಾಕಿದ ಸಪ್ಪಳವಾಯಿತು.

ಇಬ್ಬರೂ ರಸ್ತೆಯ ಬದಿಗೆ ಬಂದು ನಿಂತರು. ದಾಕ್ಷಾಯಣಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಖಾಲಿಯಾದ ಕೈಯಿಂದ ಗಂಡನ ಅಂಗಿಯ ತೋಳನ್ನು ಹಿಡಿದುಕೊಂಡಳು. ಹಾಡುಹಗಲು, ಊರ ಮಂದಿ ಓಡಾಡುವ ಜಾಗ; ಅವಳು ಬಿಡಲಿಲ್ಲ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.